ಕಿಂಡಿಗೆ ಅಡ್ಡ ಹಬ್ಬಿದ ತೊಂಡೆ

ಗೋಡೆಗೆ ಬಳ್ಳಿ ಬೇಕೆಂದು ನನ್ನ ಸಸಿ ಅಂಗಡಿಗೆ ಬರುವವರು ಮೊದಲು ಹೂವಿನ ಬಣ್ಣ ಕೇಳುತ್ತಾರೆ. ನಾನು ಬಣ್ಣದ ಮಾತಿಗೆ ಹೋಗುವುದಿಲ್ಲ. ಗೋಡೆ ಯಾವ ದಿಕ್ಕಿಗಿದೆ, ಕಲ್ಲಿನದೋ ಮಣ್ಣಿನದೋ, ಅದರ ಹಿಂದೆ ಯಾವ ಕೋಣೆ, ಆ ಕೋಣೆಯಲ್ಲಿ ದಿನವೆಲ್ಲ ಇರುವವರು ಯಾರು ಎಂದು ಕೇಳುತ್ತೇನೆ. ಕಡೆಯ ಪ್ರಶ್ನೆಗೆ ಗಿರಾಕಿಗಳು ನಗುತ್ತಾರೆ. ನಗಲಿ. ಬಳ್ಳಿ ಆರಿಸುವವನು ಹೊರಗೆ ನಿಂತಿರುತ್ತಾನೆ, ಅದರ ಹಿಂಬದಿಯನ್ನು ನೋಡುತ್ತ ಬದುಕುವವಳು ಒಳಗಿರುತ್ತಾಳೆ. ನಾನು ಒಳಗಿದ್ದವಳು. ವ್ಯಾಪಾರ ನನಗೆ ಯಾರೂ ಕಲಿಸಿಕೊಟ್ಟದ್ದಲ್ಲ. ಕಲಿತದ್ದೆಲ್ಲ ಎಂಬತ್ತರ ದಶಕದಲ್ಲಿ, ಒಂದು ಕತ್ತಲೆ ಅಡುಗೆಮನೆಯಲ್ಲಿ, ಒಂದು ಬಳ್ಳಿಯ ಬೆನ್ನಿಗೆ ಕೂತು.

ನವಲಗುಂದ ತಾಲೂಕಿನ ನಮ್ಮೂರಲ್ಲಿ ಮನೆಗಳು ಒಂದರ ಭುಜಕ್ಕೆ ಒಂದು ಆನಿಸಿಕೊಂಡು ನಿಂತಿದ್ದವು. ಕರಿಮಣ್ಣಿನ ಸೀಮೆ, ಮರ ಕಡಿಮೆ, ಗಾಳಿ ಹೆಚ್ಚು. ಮಣ್ಣಿನ ಗೋಡೆ, ಮೇಲೆ ಮಣ್ಣಿನದೇ ಮಾಳಿಗೆ. ನಮ್ಮ ಅಡುಗೆಮನೆಯ ಪಶ್ಚಿಮದ ಗೋಡೆಯೇ ಬಾಜು ಮನೆಯ ಶಿವಪುತ್ರಪ್ಪ ಕಾಕಾನ ಅಡುಗೆಮನೆಗೆ ಪೂರ್ವದ ಗೋಡೆ. ನಡುವೆ ಎರಡು ಗೇಣಿನ ಒಂದು ಕಿಂಡಿ. ನಮ್ಮ ಅವ್ವ ಪುಂಡಿಪಲ್ಯೆ ಮಾಡಿದ ದಿನ ಒಂದು ಬಟ್ಟಲು ಆ ಕಿಂಡಿಯಲ್ಲಿ ಆಚೆ ಹೋಗುತ್ತಿತ್ತು. ಆಚೆಯಿಂದ ಕಾಕಾನ ಹೆಂಡತಿಯ ಕೈಯಲ್ಲಿ ಮಜ್ಜಿಗೆ, ಒಲೆ ಆರಿದ್ದರೆ ಕೆಂಡ, ಮನಸ್ಸು ಕೆಟ್ಟಿದ್ದರೆ ಬೈಗುಳ ಬರುತ್ತಿದ್ದವು. ಕಾಕಾ ಮಗನ ಹತ್ತಿರ ಹುಬ್ಬಳ್ಳಿಗೆ ಹೋಗಿ ನೆಲೆಸುವುದೆಂದಾಗ ತನ್ನ ಮನೆಯ ತೊಲೆ, ಜಂತಿ, ಬಾಗಿಲು ಎಲ್ಲ ಬಿಚ್ಚಿ ಮಾರಿದ. ಮರ ತೆಗೆದ ಮೇಲೆ ಮಣ್ಣು ಒಂದೇ ಮಳೆಗಾಲಕ್ಕೆ ಕುಸಿದು ನೆಲ ಸೇರಿತು. ನಮ್ಮ ಗೋಡೆ ಮೈಮೇಲೆ ಬಟ್ಟೆಯಿಲ್ಲದಂತೆ ಊರಿಗೆಲ್ಲ ಕಾಣುತ್ತ ನಿಂತಿತು. ಅದರ ಮೇಲೆ ಕಾಕಿಯ ಒಲೆಯ ಮಸಿ, ದೀಪವಿಡುವ ಗೂಡು, ಸೀರೆ ತೂಗುಹಾಕುತ್ತಿದ್ದ ಗೂಟ, ಎಲ್ಲವೂ ಹಾಗೇ ಇದ್ದವು. ಒಳಗೋಡೆಯೆಂದು ಕಟ್ಟಿದ್ದು ಹೊರಗೋಡೆಯಾದರೆ ಏನಾಗುತ್ತದೆಂದು ಆಗ ನೋಡಿದೆ. ಪಶ್ಚಿಮದ ಇರಚಲಿಗೆ ಅದು ಬೆಲ್ಲದ ಹಾಗೆ ಕರಗುತ್ತಿತ್ತು. ಒಂದು ಮಧ್ಯಾಹ್ನ ಒಂದು ಹೆಂಟೆ ಒಳಗೆ ಕಳಚಿ ಅವ್ವ ನಾದಿಟ್ಟಿದ್ದ ಜೋಳದ ಹಿಟ್ಟಿನಲ್ಲೇ ಬಿತ್ತು.

ನನಗೆ ಮಾತ್ರ ಆ ಗೋಡೆ ಬತ್ತಲಾದದ್ದು ಹಬ್ಬವಾಗಿತ್ತು. ಆ ಮಳೆಗಾಲ ಕಳೆದ ಬೇಸಗೆಯಲ್ಲಿ ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ, ಅದೇ ಬೇಸಗೆಯಲ್ಲಿ ದೊಡ್ಡವಳಾಗಿದ್ದೆ, ಮತ್ತು ಅದೇ ವಾರ ದೊಡ್ಡಪ್ಪ ನನ್ನ ಪಾಟೀಚೀಲವನ್ನು ಗೋಡೆಯ ಮಾಡದಲ್ಲಿ ಎತ್ತಿಟ್ಟಿದ್ದರು. ಹೈಸ್ಕೂಲು ಇದ್ದದ್ದು ನವಲಗುಂದದಲ್ಲಿ. ಬಸ್ಸಿನಲ್ಲಿ ಹೋಗಬೇಕು, ಗಂಡಸರ ನಡುವೆ ನಿಲ್ಲಬೇಕು, ಅದು ನಮ್ಮ ಮನೆತನಕ್ಕೆ ಸರಿಯಲ್ಲ. ಅಪ್ಪ ಅಣ್ಣನ ಮಾತಿಗೆ ಎದುರಾಡಿದವನಲ್ಲ. ಎತ್ತು ಹೊಡೆದುಕೊಂಡು ಹೊಲಕ್ಕೆ ಹೋಗಿಬಿಟ್ಟ. ಅಂದಿನಿಂದ ನನ್ನ ಊರೆಂದರೆ ಅಡುಗೆಮನೆ, ಬಚ್ಚಲು, ಹಿತ್ತಲು. ಈಗ ಕಿಂಡಿ ಬಯಲಿಗೆ ತೆರೆದಿತ್ತು. ಕಾಕಾನ ಖಾಲಿ ಜಾಗ, ಅದರಾಚೆ ರಸ್ತೆ, ರಸ್ತೆಯ ಬದಿಗೆ ಬಸ್ಸು ನಿಲ್ಲುವ ಬೇವಿನ ಮರ. ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ನನ್ನ ಜೊತೆ ಓದಿದ್ದ ಇಬ್ಬರು ಹುಡುಗಿಯರು ನೀಲಿ ಲಂಗ, ಬಿಳಿ ಜಂಪರು ತೊಟ್ಟು ಅಲ್ಲಿ ಬಂದು ನಿಲ್ಲುತ್ತಿದ್ದರು. ಒಂದು ರೊಟ್ಟಿ ಹಂಚಿನ ಮೇಲೆ ಹಾಕಿ ಕಿಂಡಿಗೆ ಮುಖ ಕೊಡುವುದು, ಅದು ಉಬ್ಬುವಷ್ಟರಲ್ಲಿ ತಿರುಗುವುದು. ಬಸ್ಸು ತಡವಾದ ದಿನ ರೊಟ್ಟಿ ಸೀಯುತ್ತಿತ್ತು.

ಊರು ಗಮನಿಸಿತು. ದೊಡ್ಡಪ್ಪನ ಕಿವಿಗೆ ಯಾರೋ ಹಾಕಿದರು, ನಿಮ್ಮ ಗಂಗಾ ಕಿಂಡ್ಯಾಗ ಮಾರಿ ಇಟಗೊಂಡು ಕುಂದರತಾಳ ಅಂತ. ಅವರು ಆ ದಿನವೇ ಕಿಂಡಿಗೆ ಮಣ್ಣು ಮೆತ್ತಿಸಿದರು. ಎರಡು ದಿನ ಅಡುಗೆಮನೆ ಜೋಳದ ಬದಲು ಹೊಗೆ ತುಂಬಿದ ಹಗೇವಾಯಿತು. ಅವ್ವ ಕೆಮ್ಮಿ ಕೆಮ್ಮಿ ಕೂತಳು, ದೊಡ್ಡಪ್ಪನ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಆಯಿ, ಎಂದರೆ ದೊಡ್ಡಪ್ಪನ ತಾಯಿ, ತಾನೇ ಕುಡುಗೋಲಿನ ಹಿಡಿಯಿಂದ ಆ ಮಣ್ಣು ಕುಕ್ಕಿ ಬೀಳಿಸಿದಳು. ಒಲೆಯ ವಿಷಯದಲ್ಲಿ ಅವಳ ಮಾತೇ ಕೊನೆ. ಕಲ್ಲಿನ ಗೋಡೆ ಏರಿಸೋಣವೆಂದರೆ ಜಾಗ ಕಾಕಾನದು. ಅವನು ಹುಬ್ಬಳ್ಳಿಯಿಂದ ಹೇಳಿ ಕಳಿಸಿದ್ದ: ಹಸರ ಏನರ ಹಚ್ಚಕೋರಿ, ಕಲ್ಲ ಮಾತ್ರ ಇಡಬ್ಯಾಡ್ರಿ. ಹೀಗೆ ಬಳ್ಳಿಯ ಮಾತು ಬಂತು. ಗೋಡೆಯಿಂದ ಒಂದು ಮೊಳ ಬಿಟ್ಟು ಬಳ್ಳಿ ಹಬ್ಬಿಸಿದರೆ ಇರಚಲು ತಡೆಯುತ್ತದೆ, ಹೊಗೆಯೂ ಹೋಗುತ್ತದೆ, ನೋಟ ಮಾತ್ರ ನಿಲ್ಲುತ್ತದೆ. ದೊಡ್ಡಪ್ಪನ ಲೆಕ್ಕಾಚಾರ ಸರಿಯಾಗಿಯೇ ಇತ್ತು, ಅದನ್ನು ಒಪ್ಪಲೇಬೇಕು. ಇಂದಿಗೂ ಮಣ್ಣಿನ ಗೋಡೆಯವರಿಗೆ ನಾನು ಹೇಳುವುದು ಇದನ್ನೇ: ಗೋಡೆಗೆ ಬೇರು ಕಚ್ಚುವ ಬಳ್ಳಿ ಬೇಡ, ಮೊಳ ಬಿಟ್ಟು ಹಂದರ ಹಾಕಿ, ನೀರು ಬುಡದಿಂದ ಆಚೆಗೆ ಹರಿಯಲಿ.

ಯಾವ ಬಳ್ಳಿ ಎಂಬುದಕ್ಕೆ ಮೂರು ರಾತ್ರಿಯ ಊಟ ಹಿಡಿಯಿತು. ಗಂಡಸರು ಸಾಲಾಗಿ ಕೂತು ನುಚ್ಚು ಮಜ್ಜಿಗೆ ಉಣ್ಣುವಾಗ ನಾನು ಬಡಿಸುತ್ತ ಬಾಯಿ ಹಾಕಿದೆ. ನನ್ನ ಮನಸ್ಸಿನಲ್ಲಿದ್ದದ್ದು ಹೀರೆ. ಮೊದಲ ಮಳೆಗೆ ಬೀಜ ಊರಿದರೆ ಇರಚಲಿನ ಹೊತ್ತಿಗೆ ಗೋಡೆ ಮುಚ್ಚುತ್ತದೆ, ದೀಪಾವಳಿ ಕಳೆಯುತ್ತಲೇ ಒಣಗಿ ಉದುರುತ್ತದೆ. ವರ್ಷಕ್ಕೆ ಆರೇಳು ತಿಂಗಳಾದರೂ ನನ್ನ ಬೇವಿನ ಮರ ನನಗೆ ಉಳಿಯುತ್ತದೆ.

"ಹೀರಿ ಹಚ್ಚೂಣ್ರಿ ದೊಡ್ಡಪ್ಪಾ. ಲಗೂನ ಹಬ್ಬತೈತಿ, ಪಲ್ಯಾಕೂ ಆಗತೈತಿ."

"ತೊಂಡಿ ಹಚ್ಚೂದು. ಒಮ್ಮೆ ಹಚ್ಚಿದ್ರ ಹನ್ನೆರಡ ತಿಂಗಳಾ ಹಸರ ಇರತೈತಿ."

"ಗ್ವಾಡಿ ಕರಗೂದು ಮಳಿಗ್ರಿ. ಬಿಸಲಿಗೆ ಬರೇ ಬಿರಕ ಬಿಡತೈತಿ, ಬಿರಕಿಗೆ ನಾ ಸಗಣಿ ಬಳೀತೀನಿ."

ದೊಡ್ಡಪ್ಪ ತುತ್ತು ಇಳಿಸಿದರು.

"ಹೀರಿ ಒಣಗಿದ ಮ್ಯಾಲೆ ಕಿಂಡಿ ಕಾಣತೈತಿ. ಅದಕ್ಕ ಕೇಳಾಕತ್ತೀ ನೀ. ನನಗ ತಿಳ್ಯಾಂಗಿಲ್ಲ ಅನಕೊಂಡಿ ಏನ?"

ನಾನು ಸಿಕ್ಕಿಬಿದ್ದೆ. ಆದರೆ ಗೋಡೆಗೆ ಆನಿಸಿ ಕೂತಿದ್ದ ಆಯಿ ತನ್ನದೇ ಕಾರಣಕ್ಕೆ ನನ್ನ ಕಡೆ ಬಂದಳು.

"ತೊಂಡಿ ಬ್ಯಾಡೋ ಯಪ್ಪಾ. ತೊಂಡಿಕಾಯಿ ತಿಂದ್ರ ಬುದ್ಧಿ ಮಂದ ಆಗತೈತಿ."

"ಹೆಣ್ಣ ಹುಡಿಗ್ಯಾರಿಗೆ ಆದ್ರ ಛಲೋನ ಆತಲ್ಲ."

"ನಿನ್ನ ತಾಟಿಗೂ ಅದನ್ನ ಬಡಸತಾರ. ನಿನಗ ಇರೂದ ಅಷ್ಟ."

ಅಪ್ಪನಿಗೆ ಮಜ್ಜಿಗೆ ನೆತ್ತಿಗೇರಿತು. ದೊಡ್ಡಪ್ಪ ಎದ್ದು ಕೈ ತೊಳೆದರು. ಹೀರೆ ಗೆದ್ದಿತು. ಆಯಿ ಮರುದಿನವೇ ಬೂದಿಯಲ್ಲಿ ಹೊರಳಿಸಿಟ್ಟಿದ್ದ ಬೀಜ ತೆಗೆದು ನನ್ನ ಕೈಗೆ ಕೊಟ್ಟಳು. ಗೆದ್ದೆನೆಂದು ಹಿಗ್ಗಿದ್ದೇ ತಪ್ಪು. ಗಿರಾಕಿ ಒಪ್ಪಿದ ಮೇಲೂ ಸಾಮಾನು ಅವನ ಗಾಡಿ ಏರುವವರೆಗೆ ವ್ಯಾಪಾರ ಮುಗಿದಿಲ್ಲವೆಂದು ಆಗ ನನಗೆ ಗೊತ್ತಿರಲಿಲ್ಲ.

ಹಂದರಕ್ಕೆ ಬಿದಿರು ಬೇಕಲ್ಲ. ನಮ್ಮ ಸೀಮೆಯಲ್ಲಿ ಬಿದಿರೆಲ್ಲಿ? ಅದು ಅವ್ವನ ತವರಿನ ಕಡೆ, ಕಲಘಟಗಿಯ ಕಾಡಂಚಿನಲ್ಲಿ ಸಿಗುವಂಥದ್ದು. ಯಮನೂರಿಗೆ ಹರಕೆ ತೀರಿಸಲು ಬಂದಿದ್ದ ಅವ್ವನ ತವರೂರು ದೇವಿಕೊಪ್ಪದ ಒಬ್ಬ ಮನುಷ್ಯ ನಮ್ಮ ಕಟ್ಟೆಯ ಮೇಲೆ ನೀರು ಕುಡಿಯಲು ಕೂತ. ದೊಡ್ಡಪ್ಪ ಅವನ ಕೈಯಲ್ಲಿ ಹೇಳಿ ಕಳಿಸಿದರು: "ನಮ್ಮ ಈರಪ್ಪಗ ಹೇಳಪಾ, ಮನ್ಯಾಗ ಹಂದರ ಹಾಕಬೇಕಾಗೇತಿ, ಛಲೋ ಗಳ ಕಳಸು, ಲಗೂ ಬೇಕು ಅಂತ." ಈರಪ್ಪ ನನ್ನ ಸೋದರಮಾವ. ನಮ್ಮ ಕಡೆಯ ಮಾತು ಬಲ್ಲವರಿಗೆ ಇಷ್ಟರಲ್ಲೇ ತಪ್ಪು ಎಲ್ಲಾಯಿತೆಂದು ತಿಳಿದಿರುತ್ತದೆ. ಬಳ್ಳಿ ಹಬ್ಬಿಸುವುದಕ್ಕೂ ಹಂದರವೇ, ಮದುವೆ ಮನೆಯ ಮುಂದೆ ಹಾಕುವುದೂ ಹಂದರವೇ. ಬಳ್ಳಿಗೆ ಎಂಬ ಒಂದು ಮಾತು ದೊಡ್ಡಪ್ಪ ಹೇಳಲಿಲ್ಲ, ಆ ಮನುಷ್ಯ ಕೇಳಲಿಲ್ಲ. ದೊಡ್ಡವಳಾದ ಹುಡುಗಿ ಇರುವ ಮನೆಯಲ್ಲಿ ಲಗುಬಗೆಯಿಂದ ಹಂದರ ಎಂದರೆ ದೇವಿಕೊಪ್ಪದಲ್ಲಿ ಅದಕ್ಕೆ ಒಂದೇ ಅರ್ಥ.

ನಾಲ್ಕನೆಯ ದಿನ ಮಧ್ಯಾಹ್ನ ಒಂದು ಲಾರಿ ಬಂದು ಕಾಕಾನ ಖಾಲಿ ಜಾಗದಲ್ಲಿ ನಿಂತಿತು. ಕಿಂಡಿಯಿಂದ ನೋಡಿದೆ. ಬಿದಿರಿನ ಹೊರೆಯ ಮೇಲೆ ಹೊಸ ರುಮಾಲು ಸುತ್ತಿದ ಮಾಮಾ, ಮುಂದೆ ಡ್ರೈವರನ ಬದಿಗೆ ಮಾಮಿ. ಅವಳ ತೊಡೆಯ ಮೇಲೆ ಉಡಿ ತುಂಬುವ ಸೀರೆ, ಕುಬಸದ ಗಂಟು. ಗಳಗಳ ಜೊತೆಗೆ ಹಸಿ ತೊಗಟೆಯ ಒಂದು ಅತ್ತಿಯ ಕಂಬವೂ ಇಳಿಯಿತು. ನಮ್ಮ ಮನೆತನದಲ್ಲಿ ಮದುವೆ ಹಂದರದ ಮೊದಲ ಕಂಬ ಸೋದರಮಾವನೇ ತರಬೇಕು. ತಂದಿದ್ದ. ಆದರೆ ಮುಖ ಉರಿಯುತ್ತಿತ್ತು.

"ಹುಡುಗಿ ಕೊಡೂದು ಯಾರಿಗಿ ಅಂತ ಕೇಳಾಕ ಬಂದೀನ್ರಿ ಅಣ್ಣಾರ. ಮನ್ಯಾಗ ನಾ ಗಂಡಮಗನ್ನ ಇಟಗೊಂಡ ಕುಂತೇನಿ. ನನಗ ಬಿದರ ತರಾಕ ಅಷ್ಟ ಕರೀತೀರಿ?"

ದೊಡ್ಡಪ್ಪ ಒಂದು ಗಳಿಗೆ ಬಿದಿರು ನೋಡಿದರು, ಒಂದು ಗಳಿಗೆ ಅತ್ತಿಯ ಕಂಬ ನೋಡಿದರು.

"ಮದುವಿ ಯಾರ್ದೋ ಮಾರಾಯಾ. ಹೀರಿ ಹಂಬಿಗೆ ಹಂದರ."

ಲಾರಿಯ ಡ್ರೈವರ್ ನಕ್ಕದ್ದೇ ನಕ್ಕದ್ದು. ಮಾಮಿಯೂ ಸೆರಗು ಅಡ್ಡ ಹಿಡಿದಳು. ಒಳಗೆ ಅವ್ವ ನೆಲಕ್ಕೆ ಕೂತು ನಗುತ್ತ ಕಣ್ಣೊರೆಸಿಕೊಂಡಳು, ನಾನೂ ನಕ್ಕೆ. ಆಮೇಲೆ ಹೊರಗೆ ನಗು ನಿಂತಿತು. ನಗು ನಿಂತ ಮೇಲೆ ಗಂಡಸರು ಸುಮ್ಮನೆ ಕೂತರೆ ಹೆದರಬೇಕು ಎಂದು ನಾನು ಕಲಿತದ್ದು ಆ ದಿನ. ಬಿದಿರಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡರು. ನನ್ನಿಂದ ನಾಲ್ಕು ಮಾರು ದೂರ.

"ಸೀರಿ ತಂದೀನಿ, ಕಂಬ ತಂದೀನಿ," ಮಾಮಾ ಮೆಲ್ಲಗೆ ಅಂದ, "ಹೊಳ್ಳಿ ಒಯ್ದ್ರ ಊರಾಗ ನಗತಾರ್ರಿ."

"ಅದೂ ಖರೇನ ಅನ್ನು."

"ಹುಡುಗಿ ಹೆಂಗೂ ಸಾಲಿ ಬಿಟ್ಟೈತಿ."

"ಬಿಟ್ಟೈತಿ. ದಿನಾ ಕಿಂಡ್ಯಾಗ ಕುಂದರತೈತಿ. ಎಷ್ಟಂತ ಕಾಯೂದು. ಈ ಮಳಿ ಹಿಡಿಯೂದ್ರೊಳಗ ಮುಗಸಿಬಿಡೂಣು ಅಂತೀ?"

ನಗುತ್ತ ಕೂತಿದ್ದ ಅವ್ವ ನನ್ನ ಮುಖ ನೋಡಿದಳು. ಅವಳ ಕೈ ಮತ್ತೆ ಹಿಟ್ಟಿಗೆ ಹೋಯಿತು. ಅವಳಿಗೂ ನನ್ನ ವಯಸ್ಸಿಗೇ ಮದುವೆಯಾಗಿತ್ತು. ಅಳಬಹುದಿತ್ತು. ಅತ್ತರೆ ಎರಡು ಮಾತು ಸಮಾಧಾನ ಹೇಳಿ ಉಡಿ ತುಂಬುತ್ತಿದ್ದರು. ಎದುರಿನವನಿಗೆ ಬೇಕಾದದ್ದು ನಮ್ಮ ಹತ್ತಿರ ಏನಿದೆ ಎಂದು ನೋಡಬೇಕು. ವ್ಯಾಪಾರದ ಉಳಿದ ಜಾಣತನವೆಲ್ಲ ಇದಾದ ಮೇಲಿನದು. ನನ್ನ ಹತ್ತಿರ ಇದ್ದದ್ದು ಒಂದೇ ವಸ್ತು. ಅದು ಎರಡು ಗೇಣು ಅಗಲವಿತ್ತು. ಕಿಂಡಿಗೆ ಬಾಯಿ ಕೊಟ್ಟು ಕೂಗಿದೆ.

"ದೊಡ್ಡಪ್ಪಾ, ತೊಂಡೀನ ಹಚ್ಚೂಣ್ರಿ."

ಇಬ್ಬರೂ ಗೋಡೆಯ ಕಡೆ ತಿರುಗಿದರು. ಗೋಡೆಯೇ ಮಾತಾಡಿದ ಹಾಗೆ ಇತ್ತು ಅವರ ಮುಖ.

"ಏನಂದಿ?"

"ತೊಂಡಿ. ಕಿಂಡಿ ಮುಂದನ ಹಚ್ಚತೀನಿ, ನೀರ ನಾನ ಹಾಕತೀನಿ. ಆಯೀನ ನಾ ಒಪ್ಪಸತೀನಿ. ಇನ್ನ ಮುಂದ ಕಿಂಡ್ಯಾಗ ನನ್ನ ಮಾರಿ ಯಾರಿಗೂ ಕಾಣಾಂಗಿಲ್ಲ. ಮದುವಿ ಎರಡ ವರ್ಷ ತಡೀರಿ."

"ಎರಡ ವರ್ಷ ಯಾಕಬೇ?" ಎಂದ ಮಾಮಾ.

"ನಿಮ್ಮ ಮಗಾ ಒಂಬತ್ತನೇ ಇಯತ್ತೇದಾಗ ಎರಡ ಸಲ ಕುಂತಾನಲ್ರಿ ಮಾಮಾ. ಅಷ್ಟರಾಗ ಅವನೂ ಪಾಸಾಗಲಿ. ನಾ ಮುಲ್ಕಿ ಪಾಸ್ ಆದಾಕಿ, ನಾಳೆ ಮಂದಿ ಅವಂಗ ಅನ್ನಬಾರ್ದು."

ಡ್ರೈವರ್ ಮತ್ತೆ ನಕ್ಕ. ಈ ಸಲ ಮಾಮಿ ನಗಲಿಲ್ಲ. "ಖರೇ ಮಾತ ಐತಿ," ಎಂದಳು ಗಂಡನಿಗೆ, "ಹುಡುಗಾ ಮೊದಲ ಒಂದ ದಡಕ್ಕ ಹತ್ತಲಿ." ದೊಡ್ಡಪ್ಪ ಬಹಳ ಹೊತ್ತು ಅಡಿಕೆ ಜಗಿದರು. ಅವರಿಗೆ ಬೇಕಾದದ್ದು ಪುಕ್ಕಟೆ ಸಿಗುತ್ತಿತ್ತು, ಕೊಡಬೇಕಾದದ್ದು ಕಾಲ ಮಾತ್ರ. ಆಗಲಿ ಎಂದರು. ಅತ್ತಿಯ ಕಂಬ ದನದ ಕೊಟ್ಟಿಗೆಗೆ ಹೋಯಿತು. ಸೀರೆಯನ್ನು ಮಾಮಿ ಅವ್ವನ ಉಡಿಯಲ್ಲಿ ಹಾಕಿ ಹೋದಳು.

ತೊಂಡೆಗೆ ಬೀಜ ಬೇಡ. ಬೆರಳು ದಪ್ಪದ ಬಲಿತ ಕಡ್ಡಿ, ಒಂದು ಗೇಣು ಉದ್ದ, ಎರಡು ಗಿಣ್ಣು ಮಣ್ಣೊಳಗೆ, ಎರಡು ಮೇಲೆ. ತುದಿಬುಡ ಅದಲುಬದಲಾದರೆ ಕೊಳೆಯುತ್ತದೆ. ಬೇಕೆಂದೇ ಅದಲುಬದಲು ಮಾಡಿ ನೆಡಬಹುದಿತ್ತು. ಆ ವಿಚಾರ ಬರಲಿಲ್ಲವೆಂದರೆ ಸುಳ್ಳಾದೀತು. ಆದರೆ ಬಳ್ಳಿ ಸತ್ತ ದಿನ ನನ್ನ ಎರಡು ವರ್ಷವೂ ಸಾಯುತ್ತಿತ್ತು. ಸರಿಯಾಗಿಯೇ ನೆಟ್ಟೆ. ಬಚ್ಚಲ ನೀರಿಗೆ ಕಾಲುವೆ ತೋಡಿದೆ, ಕೊಟ್ಟಿಗೆಯ ಗೊಬ್ಬರ ಹಾಕಿದೆ, ತುದಿ ಚಿವುಟಿ ಕವಲು ಬರಿಸಿದೆ. ಅಷ್ಟು ಚೆನ್ನಾಗಿ ನಾನು ಬೆಳೆಸಿದ ಮೊದಲ ಗಿಡ ಅದು. ನಾಗರ ಪಂಚಮಿಗೆ ಅದು ಕಿಂಡಿಯ ಕೆಳಗಿನ ಅಂಚು ಮುಟ್ಟಿತು; ಉಂಡಿ ಕಟ್ಟುತ್ತ ನೋಡಿದರೆ ರಸ್ತೆ ಹೋಗಿತ್ತು, ಬೇವಿನ ಮರದ ತಲೆ ಮಾತ್ರ ಇತ್ತು. ಗಣೇಶನನ್ನು ಕಳಿಸುವ ಹೊತ್ತಿಗೆ ಮರವೂ ಹೋಯಿತು. ಬಸ್ಸು ಬಂದದ್ದು ಸದ್ದಿನಿಂದ ತಿಳಿಯುತ್ತಿತ್ತು, ಯಾರು ಹತ್ತಿದರೆಂದು ತಿಳಿಯುತ್ತಿರಲಿಲ್ಲ. ಅವ್ವ ಹಗಲಿನಲ್ಲೇ ಚಿಮಣಿ ದೀಪ ಹಚ್ಚತೊಡಗಿದಳು. "ರೊಟ್ಟಿ ಬೆಂದದ್ದು ಇನ್ನ ಮೂಗಿಲೇ ನೋಡಬೇಕವಾ," ಎಂದಳು ಒಂದು ದಿನ. ನನ್ನನ್ನು ಬೈದಳೋ ತನ್ನನ್ನು ಬೈದುಕೊಂಡಳೋ ಗೊತ್ತಾಗಲಿಲ್ಲ. ಹಸಿರು ಬೆಳಕು ಬಿದ್ದು ನಮ್ಮಿಬ್ಬರ ಮುಖಗಳೂ ಕಾಯಿಲೆ ಬಿದ್ದವರ ಮುಖದಂತೆ ಕಾಣುತ್ತಿದ್ದವು. ಎಲೆ ಸರಿಸಿದರೆ ಆಚೆ ಇನ್ನೊಂದು ಎಲೆ. ಮಾತು ಕೊಟ್ಟಿದ್ದರಿಂದ ಅದನ್ನೂ ನಾನು ಬಹಳ ದಿನ ಸರಿಸಲಿಲ್ಲ.

ಹಂದರದ ಕೆಳಗೆ ಊರಿನಲ್ಲೇ ಇಲ್ಲದ ನೆರಳಾಯಿತು. ದೊಡ್ಡಪ್ಪ ತಮ್ಮ ಹಗ್ಗದ ಹೊರಸನ್ನು ಅಲ್ಲಿಗೆ ಹಾಕಿಸಿಕೊಂಡರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ವಿಭೂತಿ ಆರುವ ಮೊದಲೇ ಅಲ್ಲಿ ಬಂದು ಕೂರುವರು. ಅವರ ಬೆನ್ನು ಆಚೆ, ನನ್ನ ಒಲೆ ಈಚೆ, ನಡುವೆ ಒಂದು ಗೋಡೆ, ಒಂದು ಕಿಂಡಿ, ಒಂದು ಬಳ್ಳಿ. ಮೆಣಸಿನಕಾಯಿಯ ವ್ಯಾಪಾರಿಗಳು, ಹತ್ತಿಯವರು, ಎತ್ತಿನ ದಲಾಲರು ಅಲ್ಲಿಗೇ ಬರುತ್ತಿದ್ದರು. ನನಗೆ ಯಾರ ಮುಖವೂ ಕಾಣದು. ಮುಖ ಕಾಣದಿದ್ದರೆ ಮಾತು ಎಷ್ಟು ಬತ್ತಲಾಗುತ್ತದೆಂದು ನೀವೂ ಒಮ್ಮೆ ಕಣ್ಣು ಮುಚ್ಚಿ ಕೇಳಿ ನೋಡಿ. ಕೊಳ್ಳಲು ಮನಸ್ಸಿರುವವನು ಸರಕನ್ನು ಹಳಿಯುತ್ತಾನೆ. ಮನಸ್ಸಿಲ್ಲದವನು ಹೊಗಳಿ ಎದ್ದುಹೋಗುತ್ತಾನೆ. ಹೊರಟೆ ಎನ್ನುವವನು ನಿಜವಾಗಿ ಹೊರಟಿದ್ದರೆ ಚಪ್ಪಲಿ ಮೊದಲು ಮೆಟ್ಟಿ ಮಾತು ಆಮೇಲೆ ಆಡುತ್ತಾನೆ. ದೊಡ್ಡಪ್ಪನಿಗೆ ಇದು ತಿಳಿಯುತ್ತಿರಲಿಲ್ಲ. ಅವರು ಸಿಟ್ಟಿನ ಮನುಷ್ಯ, ಅವಸರಕ್ಕೆ ಬಿದ್ದು ಒಪ್ಪಿಬಿಡುತ್ತಿದ್ದರು.

ಒಂದು ದಿನ ಮೆಣಸಿನಕಾಯಿಗೆ ಬಂದವನು ಹೊರಟೆ ಹೊರಟೆ ಎಂದು ಮೂರು ಸಲ ಅಂದ. ದೊಡ್ಡಪ್ಪ ಸೋತು "ಆತು ತಗೋ" ಎನ್ನಲು ಗಂಟಲು ಸರಿಮಾಡಿಕೊಂಡರು. ನನಗೆ ತಡೆಯಲಾಗಲಿಲ್ಲ. ಎಲೆಯ ಸಂದಿಗೆ ಬಾಯಿಟ್ಟು ಪಿಸುಗುಟ್ಟಿದೆ.

"ತಡೀರಿ. ಇನ್ನೂ ಚಪ್ಪಲ ಮೆಟ್ಟಿಲ್ಲ."

ದೊಡ್ಡಪ್ಪ ತಿರುಗಲಿಲ್ಲ. ಕೆಮ್ಮಿದರು, ಎಲೆಗೆ ಸುಣ್ಣ ಹಚ್ಚತೊಡಗಿದರು. ವ್ಯಾಪಾರಿ ಮತ್ತೆ ಕೂತ, ಬೆಲೆ ಏರಿಸಿದ. ಅವನು ಹೋದ ಮೇಲೆ ಬೈಗುಳ ಬರುತ್ತದೆಂದು ಕಾದೆ. ಏನೂ ಬರಲಿಲ್ಲ. ಮರುದಿನ ಹೊರಸು ಗೋಡೆಯ ಕಡೆ ಒಂದು ಮೊಳ ಸರಿದಿತ್ತು. ಆಮೇಲೆ ಅದೇ ರೂಢಿಯಾಯಿತು. ಅವರು ಕೆಮ್ಮಿದರೆ ನಾನು ಹೇಳಬೇಕು. ಕೊಡ್ರಿ, ತಡೀರಿ, ಸುಳ್ಳ ಹೇಳತಾನ. ಮನೆಯೊಳಗೆ ಎದುರಾದರೆ ಆ ಬಗ್ಗೆ ಒಂದು ಮಾತಿಲ್ಲ. ತಂಬಿಗೆ ಕೊಡು, ತಂಬಿಗೆ ತಗೋ, ಅಷ್ಟೇ. ಅವರ ಹಂದರದ ಮಾತಿಗೆ ಊರಲ್ಲಿ ಹೆಸರಾಯಿತು. ನಾನು ರೊಟ್ಟಿ ಬಡಿಯುತ್ತಿದ್ದೆ.

ಎರಡು ವರ್ಷ ತುಂಬಿದ ಮರುದಿನವೇ ಮಾಮಾ ಬಂದ. ಮಗ ಹತ್ತನೆಯದನ್ನು ಮುಟ್ಟಿದ್ದ, ದಾಟಿರಲಿಲ್ಲ. ಮಾಮಾ ಹೊರಸಿನ ಮೇಲೆ ಕೂತು ನೇರ ಮಾತಿಗೇ ಬಂದ.

"ವಾಯಿದೆ ಮುಗೀತಲ್ರಿ ಅಣ್ಣಾರ. ಏನ ಮಾಡೂಣು ಹೇಳ್ರಿ."

ದೊಡ್ಡಪ್ಪ ಕೆಮ್ಮಿದರು. ಕೊಡಬ್ಯಾಡ್ರಿ ಎನ್ನಲು ತುಟಿ ತೆರೆದೆ. ಮತ್ತೆ ಮುಚ್ಚಿದೆ. ಬೇಡ ಎಂದರೆ ಹುಡುಗಿಯ ಮಾತು, ಅದಕ್ಕೆ ಬೆಲೆಯಿಲ್ಲ. ಏನೂ ಅನ್ನದಿದ್ದರೆ? ಆ ಎರಡು ವರ್ಷ ಎಲೆಯಾಚೆಯ ಸಲಹೆಯಿಲ್ಲದೆ ದೊಡ್ಡಪ್ಪ ಒಂದು ಎತ್ತನ್ನೂ ಮಾರಿರಲಿಲ್ಲ. ದೊಡ್ಡಪ್ಪ ಇನ್ನೊಮ್ಮೆ ಕೆಮ್ಮಿದರು, ಜೋರಾಗಿ. ಅವ್ವ ಲಟಪಟ ಬಡಿಯುತ್ತಿದ್ದ ರೊಟ್ಟಿ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ಸುಮ್ಮನಿದ್ದೆ. ಮೂರನೆಯ ಸಲ ಕೆಮ್ಮಿ ಅವರು ಹೊರಸಿನ ಮೇಲೆ ಅತ್ತಿತ್ತ ಮಿಸುಕಿದರು.

"ತಡಿಯೋ ಈರಪ್ಪ," ಎಂದರು ಕಡೆಗೆ, "ಅವಸರ ಏನೈತಿ. ವಿಚಾರ ಮಾಡಿ ಹೇಳಿ ಕಳಸತೀನಿ."

ಮಾಮಾ ಚಪ್ಪಲಿ ಮೆಟ್ಟಿದ ಸದ್ದು ಕೇಳಿತು. ಅದು ದೂರವಾಗಿ ರಸ್ತೆಗೆ ಸೇರುವವರೆಗೂ ದೊಡ್ಡಪ್ಪ ಅಲುಗಲಿಲ್ಲ. ಆಮೇಲೆ ಅವರ ಧ್ವನಿ ಎಲೆಗಳಿಗೆ ಬಹಳ ಹತ್ತಿರ ಬಂತು. ಅಷ್ಟು ತಗ್ಗಿದ ಧ್ವನಿಯನ್ನು ನಾನು ಅವರಿಂದ ಕೇಳಿರಲಿಲ್ಲ.

"ಯಾಕಬೇ, ಮಾತ ನಿಂತಾವಲ್ಲ. ಏನ್ ಬೇಕ ನಿನಗ?"

ಹುಟ್ಟಿದಾಗಿನಿಂದ ಆ ಮನೆಯಲ್ಲಿ ಯಾರೂ ನನ್ನನ್ನು ಕೇಳಿರದ ಪ್ರಶ್ನೆ. ತಕ್ಷಣ ಉತ್ತರ ಕೊಡಬಾರದು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ, ಅದು ಉಬ್ಬುವವರೆಗೆ ಕಾದೆ. ಸಿಗುವುದನ್ನು ಕೇಳಿದರೆ ಅದರಲ್ಲೂ ಅರ್ಧ ಕಡಿಯುತ್ತಾರೆ. ಮೊದಲು ಸಿಗದಂಥದ್ದನ್ನು ಕೇಳಬೇಕು.

"ಧಾರವಾಡದಾಗ ಇಟ್ಟು ಸಾಲಿ ಕಲಸ್ರಿ," ಅಂದೆ.

ನನಗೆ ಬೇಕಾಗಿದ್ದದ್ದು ನವಲಗುಂದದ ಎಂಟನೆಯ ತರಗತಿ, ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ಬರುವುದು.